ಪುಟವೆಂಬ ವಿಳಾಸ: ಪದಸಂಸ್ಕಾರಕದಲ್ಲಿ ಕೀಲಿಮಣೆಯ ಮೂಲಕ ಪಠ್ಯಸಂಚಾರ

ಕನ್ನಡ ಮತ್ತು ಗಣಕಯಂತ್ರದ ಸಂಬಂಧವನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಅಕ್ಷರವನ್ನು ಗಣಕಕ್ಕೆ ಊಡಿಸುವ ಹಂತದ ಸುತ್ತಲೇ ನಡೆದಿವೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಅನಂತರ ಬಳಕೆಗೆ ಬಂದ ಯೂನಿಕೋಡ್ – ಇವೆಲ್ಲವೂ ‘ಕನ್ನಡವನ್ನು ಗಣಕದಲ್ಲಿ ಹೇಗೆ ಬರೆಯಬೇಕು’ ಎಂಬ ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ ದೊರೆತ ಉತ್ತರಗಳು. ಬರೆದು ಮುಗಿಸಿದ ಪಠ್ಯದೊಳಗೆ ಹೇಗೆ ಓಡಾಡಬೇಕು ಎಂಬ ಇನ್ನೊಂದು ಪ್ರಶ್ನೆ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಮುನ್ನೂರು, ನಾನೂರು ಪುಟಗಳ ಸಂಶೋಧನ ಮಹಾಪ್ರಬಂಧವನ್ನು ಸಿದ್ಧಪಡಿಸುವವರಿಗೆ ಈ ಎರಡನೆಯ ಪ್ರಶ್ನೆ ಮೊದಲನೆಯದರಷ್ಟೇ ಮುಖ್ಯವಾದುದು. ಬರವಣಿಗೆ ಒಮ್ಮೆ ನಡೆಯುತ್ತದೆ. ತಿದ್ದುವಿಕೆ ಹತ್ತಾರು ಬಾರಿ ನಡೆಯುತ್ತದೆ.

ಪದಸಂಸ್ಕಾರಕದಲ್ಲಿ ಕೀಲಿಮಣೆಯ ಶಾರ್ಟ್‌ಕಟ್‌ಗಳನ್ನು ಬಳಸಿ ಪುಟದಿಂದ ಪುಟಕ್ಕೆ ಸಾಗುವ ವಿಧಾನಗಳನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಕೇವಲ ಕೈಚಳಕದ ವಿಷಯವಲ್ಲ. ಗಣಕದ ಪಠ್ಯದಲ್ಲಿ ‘ಪುಟ’ ಎಂಬುದು ಎಷ್ಟರಮಟ್ಟಿಗೆ ನಂಬಬಹುದಾದ ವಿಳಾಸ ಎಂಬ ಪ್ರಶ್ನೆಯೂ ಇದರೊಳಗೆ ಅಡಗಿದೆ. ವಿವರಣೆಗೆ ಮುಖ್ಯವಾಗಿ ಮೈಕ್ರೋಸಾಫ್ಟ್ ವರ್ಡ್ ತಂತ್ರಾಂಶವನ್ನೂ ಹೋಲಿಕೆಗಾಗಿ ಲಿಬ್ರೆಆಫೀಸ್ ರೈಟರ್ ತಂತ್ರಾಂಶವನ್ನೂ ಆರಿಸಿಕೊಳ್ಳಲಾಗಿದೆ.

1. ಸುರುಳಿ, ಕಡತ ಮತ್ತು ಪುಟ

ಕನ್ನಡದ ಲಿಖಿತ ಪರಂಪರೆಯಲ್ಲಿ ಪಠ್ಯವನ್ನು ಹೊತ್ತ ವಸ್ತುಗಳು ಹಲವು ಬಗೆಯವು. ಓಲೆಗರಿಯ ಕಟ್ಟಿನಲ್ಲಿ ಎಣಿಕೆ ಗರಿಯದು. ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಜೋಡಿಸಿ, ಬಳಪದಿಂದ ಬರೆಯುತ್ತಿದ್ದ ‘ಕಡತ’ದಲ್ಲಿ ಓದುಗನು ಮಡಿಕೆಗಳನ್ನು ಬಿಡಿಸುತ್ತ ಹೋಗಬೇಕು. ಮುದ್ರಿತ ಪುಸ್ತಕದಲ್ಲಿ ಪುಟಸಂಖ್ಯೆ ಇದೆ. ಇಂಗ್ಲಿಷಿನ ‘ಫೈಲ್’ ಎಂಬುದಕ್ಕೆ ಗಣಕದಲ್ಲಿಯೂ ‘ಕಡತ’ ಎಂಬ ಪದವೇ ಬಳಕೆಗೆ ಬಂದಿರುವುದು ಆಕಸ್ಮಿಕವಾದರೂ ಅರ್ಥಪೂರ್ಣವಾಗಿದೆ. ಏಕೆಂದರೆ ಗಣಕದ ಪಠ್ಯವು ಮೂಲತಃ ಪುಟಗಳ ಕಟ್ಟಲ್ಲ. ಅದು ಆದಿಯಿಂದ ಅಂತ್ಯದವರೆಗೆ ಹರಿಯುವ ಒಂದೇ ಅಕ್ಷರಸಾಲು. ಕಾಗದದ ಅಳತೆ, ಅಂಚು, ಅಕ್ಷರದ ಗಾತ್ರ ಮತ್ತು ಸಾಲುಗಳ ಅಂತರವನ್ನು ಲೆಕ್ಕಹಾಕಿ ತಂತ್ರಾಂಶವು ಆ ಸಾಲನ್ನು ಆಗಿಂದಾಗ್ಗೆ ಪುಟಗಳಾಗಿ ಕತ್ತರಿಸಿ ತೋರಿಸುತ್ತದೆ. ಪರದೆಯ ಮೇಲೆ ಪಠ್ಯವನ್ನು ಸರಿಸುವ ಕ್ರಿಯೆಗೆ ಇಂಗ್ಲಿಷಿನಲ್ಲಿ ‘ಸ್ಕ್ರಾಲ್’, ಅಂದರೆ ಸುರುಳಿ ಎಂಬ ಅರ್ಥದ ಪದ ಬಂದಿರುವುದಕ್ಕೂ ಇದೇ ಕಾರಣ.

ಕೀಲಿಗಳ ಮೂಲಕ ಪಠ್ಯದಲ್ಲಿ ಸಂಚರಿಸುವ ಪದ್ಧತಿ ಮೌಸ್‌ನ ಬಳಕೆ ವ್ಯಾಪಕವಾಗುವುದಕ್ಕೆ ಮೊದಲೇ ರೂಪುಗೊಂಡಿತು. 1978ರಲ್ಲಿ ಬಂದ ‘ವರ್ಡ್‌ಸ್ಟಾರ್’ ಎಂಬ ಪದಸಂಸ್ಕಾರಕದ ಕಾಲದಲ್ಲಿ ಬಾಣದ ಕೀಲಿಗಳು ಎಲ್ಲ ಕೀಲಿಮಣೆಗಳಲ್ಲಿಯೂ ಇರಲಿಲ್ಲ. ಆದ್ದರಿಂದ ಕಂಟ್ರೋಲ್ ಕೀಲಿಯೊಡನೆ ಇ, ಎಸ್, ಡಿ, ಎಕ್ಸ್ ಎಂಬ ನಾಲ್ಕು ಅಕ್ಷರಗಳನ್ನು ಒತ್ತಿ ಮೇಲೆ, ಎಡಕ್ಕೆ, ಬಲಕ್ಕೆ, ಕೆಳಗೆ ಸಾಗುವ ಏರ್ಪಾಡು ಅದರಲ್ಲಿತ್ತು. ಕೀಲಿಮಣೆಯಲ್ಲಿ ಈ ನಾಲ್ಕು ಕೀಲಿಗಳು ವಜ್ರಾಕೃತಿಯಲ್ಲಿ ಕುಳಿತಿವೆ. ಎಡಗೈಯನ್ನು ಅದರ ನೆಲೆಯಿಂದ ಎತ್ತದೆಯೇ ಪಠ್ಯವೆಲ್ಲವನ್ನೂ ಸುತ್ತಬಹುದಾಗಿತ್ತು. 1981ರ ಐಬಿಎಂ ಪಿಸಿಯ 83 ಕೀಲಿಗಳ ಮಣೆಯಲ್ಲಿ ಬಾಣ, ಹೋಮ್, ಎಂಡ್, ಪೇಜ್ ಅಪ್, ಪೇಜ್ ಡೌನ್ ಕೀಲಿಗಳು ಅಂಕಿಗಳೊಡನೆ ಒಂದೇ ಜಾಗವನ್ನು ಹಂಚಿಕೊಂಡಿದ್ದವು. ಆ ದಶಕದ ಮಧ್ಯಭಾಗದಲ್ಲಿ ಬಂದ 101 ಕೀಲಿಗಳ ಮಣೆಯಲ್ಲಿ ಅವುಗಳಿಗೆ ಪ್ರತ್ಯೇಕ ಸ್ಥಾನ ದೊರೆಯಿತು. ಇಂದಿನ ಮೇಜು ಗಣಕಗಳ ಕೀಲಿಮಣೆ ಆ ವಿನ್ಯಾಸದ ಮುಂದುವರಿಕೆ.

2. ಸಂಚಾರದ ನಾಲ್ಕು ಘಟಕಗಳು

ಶಾರ್ಟ್‌ಕಟ್‌ಗಳನ್ನು ಉದ್ದನೆಯ ಪಟ್ಟಿಯಾಗಿ ಬಾಯಿಪಾಠ ಮಾಡುವುದು ಪ್ರಯಾಸಕರ ಮತ್ತು ನಿಷ್ಪ್ರಯೋಜಕ. ಅವುಗಳ ಹಿಂದೆ ಒಂದು ವ್ಯಾಕರಣವಿದೆ. ಬರಿಯ ಕೀಲಿಯು ಕರ್ಸರನ್ನು ಚಿಕ್ಕ ಘಟಕದಷ್ಟು ಸರಿಸುತ್ತದೆ. ಅದೇ ಕೀಲಿಗೆ ಕಂಟ್ರೋಲ್ ಸೇರಿದಾಗ ದೊಡ್ಡ ಘಟಕದಷ್ಟು ಸರಿಸುತ್ತದೆ. ಶಿಫ್ಟ್ ಸೇರಿದಾಗ ಸಾಗಿದ ದಾರಿಯ ಪಠ್ಯವನ್ನೆಲ್ಲ ಆಯ್ಕೆ ಮಾಡುತ್ತದೆ.

ಮೊದಲನೆಯ ಘಟಕ ಅಕ್ಷರ ಮತ್ತು ಪದ. ಬಲಬಾಣ ಒಂದು ಅಕ್ಷರ ಮುಂದಕ್ಕೆ ಒಯ್ದರೆ ಕಂಟ್ರೋಲ್ + ಬಲಬಾಣ ಒಂದು ಪದ ಮುಂದಕ್ಕೆ ಒಯ್ಯುತ್ತದೆ. ಎರಡನೆಯದು ಸಾಲು ಮತ್ತು ಕಂಡಿಕೆ. ಹೋಮ್ ಕೀಲಿ ಸಾಲಿನ ಆರಂಭಕ್ಕೂ ಎಂಡ್ ಕೀಲಿ ಸಾಲಿನ ಕೊನೆಗೂ ಕೊಂಡೊಯ್ಯುತ್ತವೆ. ಕಂಟ್ರೋಲ್‌ನೊಡನೆ ಕೆಳಬಾಣ ಮುಂದಿನ ಕಂಡಿಕೆಯ ಆರಂಭಕ್ಕೆ ಒಯ್ಯುತ್ತದೆ. ಮೂರನೆಯದು ಪರದೆ ಮತ್ತು ಪುಟ. ನಾಲ್ಕನೆಯದು ಇಡೀ ಕಡತ: ಕಂಟ್ರೋಲ್ + ಹೋಮ್ ಕಡತದ ಮೊದಲ ಅಕ್ಷರಕ್ಕೂ ಕಂಟ್ರೋಲ್ + ಎಂಡ್ ಅದರ ಕೊನೆಗೂ ತಲುಪಿಸುತ್ತವೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಕಂಟ್ರೋಲ್ + ಶಿಫ್ಟ್ + ಎಂಡ್ ಒತ್ತಿದರೆ ಕರ್ಸರ್ ಇದ್ದ ಸ್ಥಳದಿಂದ ಕಡತದ ಕೊನೆಯವರೆಗಿನ ಪಠ್ಯವೆಲ್ಲವೂ ಆಯ್ಕೆಗೊಳ್ಳುತ್ತದೆ. ಆಗ ಅರಿಯದೆ ಒಂದು ಅಕ್ಷರವನ್ನು ಒತ್ತಿದರೂ ಆಯ್ಕೆಯಾದ ಪುಟಗಳೆಲ್ಲ ಹೋಗಿ ಆ ಒಂದು ಅಕ್ಷರ ಉಳಿಯುತ್ತದೆ. ಗಾಬರಿಗೊಂಡು ಕಡತವನ್ನು ಉಳಿಸಿ ಮುಚ್ಚುವ ಮೊದಲು ಕಂಟ್ರೋಲ್ + ಝಡ್ ಒತ್ತಿದರೆ ಪಠ್ಯ ಮರಳಿ ಬರುತ್ತದೆ.

ಮೂರನೆಯ ಘಟಕವನ್ನು ಕುರಿತು ಒಂದು ತಪ್ಪು ತಿಳಿವಳಿಕೆ ಸಾಮಾನ್ಯವಾಗಿದೆ. ‘ಪೇಜ್ ಡೌನ್’ ಎಂಬ ಹೆಸರಿದ್ದರೂ ಆ ಕೀಲಿಯು ಮುಂದಿನ ಪುಟಕ್ಕೆ ಒಯ್ಯುವುದಿಲ್ಲ. ಒಂದು ಪರದೆಯಷ್ಟು ಕೆಳಕ್ಕೆ ಒಯ್ಯುತ್ತದೆ. ಪರದೆಯಲ್ಲಿ ಅರ್ಧಪುಟ ಕಾಣುತ್ತಿದ್ದರೆ ಚಲನೆಯೂ ಸುಮಾರು ಅರ್ಧಪುಟದ್ದೇ. ನಿಜವಾದ ಮುಂದಿನ ಪುಟದ ಆರಂಭಕ್ಕೆ ಹೋಗಲು ವರ್ಡ್‌ನಲ್ಲಿ ಕಂಟ್ರೋಲ್ + ಪೇಜ್ ಡೌನ್, ಹಿಂದಿನ ಪುಟಕ್ಕೆ ಕಂಟ್ರೋಲ್ + ಪೇಜ್ ಅಪ್ ಒತ್ತಬೇಕು. ಮಡಿಲುಗಣಕಗಳ ಹಲವು ಮಾದರಿಗಳಲ್ಲಿ ಈ ಕೀಲಿಗಳಿಗೆ ಬೇರೆ ಜಾಗವಿರುವುದಿಲ್ಲ. ಅಲ್ಲಿ ಎಫ್‌ಎನ್ ಕೀಲಿಯೊಡನೆ ಬಾಣದ ಕೀಲಿಗಳನ್ನು ಒತ್ತಬೇಕಾಗುತ್ತದೆ.

ಕಂಟ್ರೋಲ್ + ಪೇಜ್ ಡೌನ್ ಕೆಲವೊಮ್ಮೆ ಪುಟವನ್ನು ಬಿಟ್ಟು ಬೇರೆಲ್ಲಿಗೋ ಜಿಗಿಯುತ್ತದೆ ಎಂಬ ದೂರು ಇದೆ. ಇದಕ್ಕೆ ಕಾರಣ ತಿಳಿದರೆ ದೋಷವೇ ಗುಣವಾಗುತ್ತದೆ. ವರ್ಡ್‌ನಲ್ಲಿ ಈ ಕೀಲಿಗಳ ಅರ್ಥ ‘ಮುಂದಿನ ಪುಟ’ ಎಂದಷ್ಟೇ ಅಲ್ಲ, ‘ಕೊನೆಯ ಬಾರಿ ಅರಸಿದ ವಸ್ತುವಿನ ಮುಂದಿನ ನೆಲೆ’ ಎಂದು. ಏನನ್ನೂ ಅರಸದಿದ್ದಾಗ ಆ ವಸ್ತು ಪುಟ. ಒಂದು ಪದವನ್ನು ಹುಡುಕಿದ ಮೇಲೆ ಅದೇ ಕೀಲಿಗಳು ಆ ಪದದ ಒಂದು ಪ್ರಯೋಗದಿಂದ ಮತ್ತೊಂದು ಪ್ರಯೋಗಕ್ಕೆ ಒಯ್ಯುತ್ತವೆ. 2010ರವರೆಗಿನ ಆವೃತ್ತಿಗಳಲ್ಲಿ ಇದನ್ನು ಆರಿಸಿಕೊಳ್ಳಲು ಪರದೆಯ ಬಲಅಂಚಿನಲ್ಲಿ ಒಂದು ಗುಂಡಿಯಿತ್ತು. 2013ರ ಆವೃತ್ತಿಯಿಂದ ಗುಂಡಿ ಇಲ್ಲವಾದರೂ ಕೀಲಿಗಳ ವರ್ತನೆ ಉಳಿದಿದೆ. ‘ದೇಸಿ’ ಎಂಬ ಪರಿಭಾಷೆಯು ಪ್ರಬಂಧದುದ್ದಕ್ಕೂ ಒಂದೇ ಅರ್ಥದಲ್ಲಿ ಬಳಕೆಯಾಗಿದೆಯೇ ಎಂದು ಪರಿಶೀಲಿಸುವವರು ಆ ಪದವನ್ನು ಒಮ್ಮೆ ಹುಡುಕಿ, ಹುಡುಕುವ ಚೌಕವನ್ನು ಮುಚ್ಚಿ, ಈ ಕೀಲಿಗಳಿಂದ ಪ್ರಯೋಗಗಳನ್ನು ಒಂದೊಂದಾಗಿ ನೋಡಬಹುದು. ಶಿಫ್ಟ್ + ಎಫ್4 ಕೂಡ ಹಿಂದಿನ ಹುಡುಕಾಟವನ್ನು ಪುನರಾವರ್ತಿಸುತ್ತದೆ.

3. ಸಂಖ್ಯೆಯ ಮೂಲಕ ನೇರ ಪ್ರವೇಶ

ಎಫ್5 ಅಥವಾ ಕಂಟ್ರೋಲ್ + ಜಿ ಒತ್ತಿದಾಗ ತೆರೆಯುವ ಚೌಕದಲ್ಲಿ 187 ಎಂದು ಬರೆದು ಎಂಟರ್ ಒತ್ತಿದರೆ 187ನೆಯ ಪುಟ ಎದುರಿಗೆ ಬರುತ್ತದೆ. +5 ಎಂದು ಬರೆದರೆ ಈಗಿರುವಲ್ಲಿಂದ ಐದು ಪುಟ ಮುಂದಕ್ಕೂ –5 ಎಂದು ಬರೆದರೆ ಐದು ಪುಟ ಹಿಂದಕ್ಕೂ ಹೋಗಬಹುದು. ಎಸ್ಕೇಪ್ ಕೀಲಿ ಚೌಕವನ್ನು ಮುಚ್ಚುತ್ತದೆ. ಇದೇ ಚೌಕದ ಪಟ್ಟಿಯಲ್ಲಿ ಪುಟದ ಬದಲು ಅಡಿಟಿಪ್ಪಣಿಯನ್ನು ಆರಿಸಿಕೊಂಡು 27 ಎಂದು ಬರೆದರೆ 27ನೆಯ ಅಡಿಟಿಪ್ಪಣಿಯ ಗುರುತಿರುವ ಸ್ಥಳ ಸಿಗುತ್ತದೆ. ಆಕರಗಳನ್ನು ತಾಳೆನೋಡುವ ಹಂತದಲ್ಲಿ ಈ ಸೌಲಭ್ಯ ತುಂಬ ಉಪಯುಕ್ತ.

ಮಹಾಪ್ರಬಂಧಗಳಲ್ಲಿ ಅರ್ಪಣೆ, ಪ್ರಮಾಣಪತ್ರ, ಪರಿವಿಡಿಗಳಿಗೆ ರೋಮನ್ ಸಂಖ್ಯೆಯನ್ನು ಕೊಟ್ಟು, ಮೊದಲ ಅಧ್ಯಾಯದಿಂದ ಹೊಸದಾಗಿ 1 ಎಂದು ಎಣಿಸುವ ವಾಡಿಕೆಯಿದೆ. ಹೀಗಿರುವಾಗ ಐದನೆಯ ಪುಟ ಎಂಬುದಕ್ಕೆ ಎರಡು ಅರ್ಥಗಳು ಬರುತ್ತವೆ. ಕಡತವನ್ನು ಭಾಗಗಳಾಗಿ ವಿಂಗಡಿಸಿದ್ದರೆ ವರ್ಡ್‌ನಲ್ಲಿ ‘ಪಿ5ಎಸ್2’ ಎಂಬ ರೂಪದಲ್ಲಿ, ಪಿ ಮತ್ತು ಎಸ್‌ಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆದು, ಎರಡನೆಯ ಭಾಗದ ಐದನೆಯ ಪುಟವನ್ನು ಸ್ಪಷ್ಟವಾಗಿ ಕೇಳಬಹುದು.

ಶಿಫ್ಟ್ + ಎಫ್5 ಎಂಬ ಸಂಯೋಜನೆ ಹೆಚ್ಚು ಪ್ರಚಾರ ಪಡೆಯಬೇಕಾದುದು. ವರ್ಡ್‌ನಲ್ಲಿ ಅದು ಇತ್ತೀಚೆಗೆ ತಿದ್ದಿದ ಸ್ಥಳಗಳಿಗೆ ಒಂದೊಂದಾಗಿ ಹಿಂದಿರುಗಿಸುತ್ತದೆ. ಕಡತವನ್ನು ಹೊಸದಾಗಿ ತೆರೆದ ಕೂಡಲೇ ಒತ್ತಿದರೆ ಹಿಂದಿನ ಬಾರಿ ಕೆಲಸ ನಿಲ್ಲಿಸಿದ ಸ್ಥಳಕ್ಕೆ ಒಯ್ಯುತ್ತದೆ. ಗ್ರಂಥಸೂಚಿಯನ್ನು ನೋಡಲು ಕೊನೆಗೆ ಹೋದವರು ಬರೆಯುತ್ತಿದ್ದ ವಾಕ್ಯಕ್ಕೆ ಮರಳಲು ಪುಟಗಳನ್ನು ತಡಕಾಡಬೇಕಾಗಿಲ್ಲ.

ತಂತ್ರಾಂಶ ಬದಲಾದರೆ ಕೀಲಿಗಳ ಅರ್ಥವೂ ಬದಲಾಗಬಹುದು. ಲಿಬ್ರೆಆಫೀಸ್ ರೈಟರ್‌ನಲ್ಲಿ ಎಫ್5 ಒತ್ತಿದರೆ ಶೀರ್ಷಿಕೆ, ಕೋಷ್ಟಕ, ಚಿತ್ರಗಳನ್ನು ಪಟ್ಟಿಮಾಡುವ ‘ನ್ಯಾವಿಗೇಟರ್’ ತೆರೆಯುತ್ತದೆ. ಅಲ್ಲಿ ಕಂಟ್ರೋಲ್ + ಪೇಜ್ ಡೌನ್ ಮುಂದಿನ ಪುಟಕ್ಕೆ ಒಯ್ಯುವುದಿಲ್ಲ. ಪಠ್ಯ ಮತ್ತು ಪುಟದ ಅಡಿಬರಹಗಳ ನಡುವೆ ಕರ್ಸರನ್ನು ಸಾಗಿಸುತ್ತದೆ. ವರ್ಡ್‌ನ ಅಭ್ಯಾಸದಿಂದ ಬಂದವರು ಇದನ್ನು ಅರಿಯದೆ ಬರೆಯಲು ತೊಡಗಿದರೆ ಅವರ ವಾಕ್ಯಗಳು ಪುಟಪುಟದ ಅಡಿಯಲ್ಲಿಯೂ ಮೂಡುತ್ತವೆ.

4. ಜರುಗುವ ಪುಟ ಮತ್ತು ತಿದ್ದುಪಡಿಯ ಪಟ್ಟಿ

ಪುಟಸಂಖ್ಯೆಯ ಮೂಲಕ ಸಾಗುವುದು ಹೀಗೆ ಸುಲಭವಾದರೂ ಸಂಶೋಧಕರು ಅದನ್ನು ಪೂರ್ಣವಾಗಿ ನೆಚ್ಚುವಂತಿಲ್ಲ. ಮೇಲೆ ಹೇಳಿದಂತೆ ಗಣಕದ ಪುಟವು ಲೆಕ್ಕಾಚಾರದ ಫಲ. ಡಿಟಿಪಿ ಕೇಂದ್ರದ ಗಣಕದಲ್ಲಿದ್ದ ಅಕ್ಷರವಿನ್ಯಾಸ ವಿಭಾಗದ ಗಣಕದಲ್ಲಿ ಇಲ್ಲದಿದ್ದರೆ ತಂತ್ರಾಂಶ ಬೇರೊಂದು ವಿನ್ಯಾಸವನ್ನು ಬಳಸುತ್ತದೆ. ಸಾಲುಗಳು ಹಿಗ್ಗುತ್ತವೆ ಅಥವಾ ಕುಗ್ಗುತ್ತವೆ. ಅಲ್ಲಿ 187ನೆಯ ಪುಟದಲ್ಲಿದ್ದ ವಾಕ್ಯ ಇಲ್ಲಿ 192ನೆಯ ಪುಟದಲ್ಲಿ ಕಾಣಿಸಬಹುದು.

ಇದರ ನಿಜವಾದ ತೊಂದರೆ ಅರಿವಾಗುವುದು ಮಾರ್ಗದರ್ಶಕರು ಅಥವಾ ಪರೀಕ್ಷಕರು ಸೂಚಿಸಿದ ತಿದ್ದುಪಡಿಗಳನ್ನು ಅಳವಡಿಸುವಾಗ. ಸೂಚನೆಗಳು ಸಾಮಾನ್ಯವಾಗಿ ಪುಟ ಮತ್ತು ಸಾಲಿನ ಲೆಕ್ಕದಲ್ಲಿರುತ್ತವೆ. ಉದಾಹರಣೆಗೆ, 43ನೆಯ ಪುಟದಲ್ಲಿ ಒಂದು ಕಂಡಿಕೆಯನ್ನು ಸೇರಿಸಬೇಕು. 112ರಲ್ಲಿ ಉದ್ಧರಣೆಯ ಆಕರವನ್ನು ಸರಿಪಡಿಸಬೇಕು. 187ರಲ್ಲಿ ಶಾಸನದ ಕಾಲವನ್ನು ತಿದ್ದಬೇಕು. 260ರಲ್ಲಿ ಪುನರುಕ್ತಿಯನ್ನು ತೆಗೆಯಬೇಕು ಎಂದಿಟ್ಟುಕೊಳ್ಳೋಣ. ಮೊದಲನೆಯದನ್ನು ಅಳವಡಿಸಿದ ಕೂಡಲೇ ಮುಂದಿನ ಪಠ್ಯವೆಲ್ಲ ಕೆಳಕ್ಕೆ ಸರಿಯುತ್ತದೆ. ಅಧ್ಯಾಯವು ಹೊಸ ಪುಟದಿಂದ ಆರಂಭವಾಗುವಲ್ಲಿ ಈ ಪಲ್ಲಟ ಕೆಲವೊಮ್ಮೆ ಅಲ್ಲಿಗೇ ನಿಲ್ಲುತ್ತದೆ, ಕೆಲವೊಮ್ಮೆ ಮುಂದಕ್ಕೂ ಸಾಗುತ್ತದೆ. ಈ ಅನಿಶ್ಚಿತತೆಯೇ ಹೆಚ್ಚು ಅಪಾಯಕಾರಿ. 187ನೆಯ ಪುಟಕ್ಕೆ ಹೋದಾಗ ಅಲ್ಲಿ ಶಾಸನದ ಕಾಲ ಇಲ್ಲದಿದ್ದರೆ ತಿದ್ದುವವರು ‘ಇದು ಹಿಂದೆಯೇ ಸರಿಹೋಗಿದೆ’ ಎಂದು ಭಾವಿಸಿ ಮುಂದಕ್ಕೆ ಹೋಗಬಹುದು. ಅಥವಾ ಅದೇ ಪುಟದಲ್ಲಿರುವ, ಸರಿಯಾಗಿಯೇ ಇದ್ದ ಬೇರೊಂದು ಕಾಲನಿರ್ದೇಶನವನ್ನು ಕೆಡಿಸಬಹುದು. ಎರಡೂ ಸಂದರ್ಭಗಳಲ್ಲಿ ದೋಷವು ಪ್ರಬಂಧದಲ್ಲಿ ಉಳಿದು, ಅನಂತರ ಪುಸ್ತಕವಾಗಿ ಪ್ರಕಟವಾದಾಗ ಮುಂದಿನ ಸಂಶೋಧಕರ ಆಕರವಾಗುತ್ತದೆ.

ಇದಕ್ಕೆ ಮೂರು ಸರಳ ಪರಿಹಾರಗಳಿವೆ. ಒಂದು, ತಿದ್ದುಪಡಿಗಳನ್ನು ಕೊನೆಯಿಂದ ಮೊದಲಿಗೆ ಅಳವಡಿಸುವುದು. 260ರಿಂದ ಆರಂಭಿಸಿ 43ಕ್ಕೆ ಬಂದರೆ ಇನ್ನೂ ತಿದ್ದದ ಪುಟಗಳ ಸಂಖ್ಯೆ ಬದಲಾಗುವುದಿಲ್ಲ. ಎರಡು, ಏನನ್ನೂ ತಿದ್ದುವ ಮೊದಲು ಪಟ್ಟಿಯಲ್ಲಿರುವ ಸ್ಥಳಗಳಿಗೆಲ್ಲ ಒಮ್ಮೆ ಹೋಗಿ ಕಂಟ್ರೋಲ್ + ಶಿಫ್ಟ್ + ಎಫ್5 ಒತ್ತಿ ‘ಬುಕ್‌ಮಾರ್ಕ್’ ಎಂಬ ಗುರುತನ್ನು ಇಡುವುದು. ಗುರುತಿನ ಹೆಸರು ಅಕ್ಷರದಿಂದ ಆರಂಭವಾಗಬೇಕು, ನಡುವೆ ತೆರಪು ಇರಬಾರದು. ಪಠ್ಯ ಎಲ್ಲಿಗೆ ಸರಿದರೂ ಗುರುತು ಅದರೊಡನೆಯೇ ಸರಿಯುತ್ತದೆ. ಎಫ್5ರ ಚೌಕದಲ್ಲಿ ಬುಕ್‌ಮಾರ್ಕ್ ಆರಿಸಿ ಹೆಸರನ್ನು ಕೊಟ್ಟರೆ ಅಲ್ಲಿಗೇ ತಲುಪಬಹುದು. ಮೂರು, ಪರೀಕ್ಷಕರಿಗೆ ಸಲ್ಲಿಸಿದ ಪ್ರತಿಯನ್ನು ಪಿಡಿಎಫ್ ರೂಪದಲ್ಲಿ ತೆಗೆದಿರಿಸುವುದು. ಪಿಡಿಎಫ್‌ನಲ್ಲಿ ಪುಟಗಳು ಜರುಗುವುದಿಲ್ಲವಾದ್ದರಿಂದ ‘ಪುಟ 187, ಸಾಲು 7’ ಎಂದರೆ ಯಾವ ವಾಕ್ಯ ಎಂಬುದನ್ನು ಅದರಲ್ಲಿ ನೋಡಿ ನಿಶ್ಚಯಿಸಿಕೊಳ್ಳಬಹುದು.

ಇನ್ನೊಂದು ಅಭ್ಯಾಸವನ್ನೂ ಬಿಡಬೇಕಾಗಿದೆ. ಹೊಸ ಅಧ್ಯಾಯವನ್ನು ಹೊಸ ಪುಟದಿಂದ ಆರಂಭಿಸಲು ಎಂಟರ್ ಕೀಲಿಯನ್ನು ಮತ್ತೆ ಮತ್ತೆ ಒತ್ತುವುದು ಬೆರಳಚ್ಚು ಯಂತ್ರದ ಕಾಲದಿಂದ ಬಂದ ರೂಢಿ. ಹಿಂದಿನ ಪುಟಗಳಲ್ಲಿ ಎರಡು ಸಾಲು ಹೆಚ್ಚಾದರೆ ಅಧ್ಯಾಯದ ಶೀರ್ಷಿಕೆಯೂ ಎರಡು ಸಾಲು ಕೆಳಗಿಳಿಯುತ್ತದೆ. ಕಂಟ್ರೋಲ್ + ಎಂಟರ್ ಒತ್ತಿ ಪುಟವನ್ನು ಕತ್ತರಿಸಿದರೆ ಈ ತೊಡಕಿಲ್ಲ.

5. ಆಶ್ವಾಸ-ಪದ್ಯ ಪದ್ಧತಿಯ ಪಾಠ

ಪುಟವು ಅಸ್ಥಿರ ವಿಳಾಸ ಎಂಬುದು ಕನ್ನಡ ವಿದ್ವತ್ತಿಗೆ ಹೊಸ ಸಂಗತಿಯಲ್ಲ. ಪಂಪಭಾರತವನ್ನು ಬಿ.ಎಲ್. ರೈಸ್ 1898ರಲ್ಲಿ ಪ್ರಕಟಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಆವೃತ್ತಿ 1931ರಲ್ಲಿ ಬಂದಿತು. ಎರಡು ಆವೃತ್ತಿಗಳ ಪುಟಸಂಖ್ಯೆಗಳು ಪರಸ್ಪರ ಹೊಂದುತ್ತವೆಂದು ಯಾರೂ ನಿರೀಕ್ಷಿಸುವುದಿಲ್ಲ. ಆದ್ದರಿಂದಲೇ ವಿದ್ವಾಂಸರು ಹದಿನಾಲ್ಕು ಆಶ್ವಾಸಗಳ ಆ ಕಾವ್ಯವನ್ನು ಆಶ್ವಾಸ ಮತ್ತು ಪದ್ಯದ ಸಂಖ್ಯೆಯಿಂದ ಉಲ್ಲೇಖಿಸುತ್ತಾರೆ. ಕುಮಾರವ್ಯಾಸನ ಭಾರತಕ್ಕೆ ಪರ್ವ, ಸಂಧಿ, ಪದ್ಯ. ಕವಿರಾಜಮಾರ್ಗಕ್ಕೆ ಪರಿಚ್ಛೇದ ಮತ್ತು ಪದ್ಯ. ಈ ವಿಳಾಸವು ಹಾಳೆಗೆ ಸೇರಿದುದಲ್ಲ, ಕೃತಿಯ ರಚನೆಗೆ ಸೇರಿದುದು. ಪಾಠಾಂತರಗಳಿಂದ ಪದ್ಯಸಂಖ್ಯೆಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಬಂದರೂ ಓದುಗನು ದಾರಿತಪ್ಪುವುದಿಲ್ಲ.

ಗಣಕದ ಪಠ್ಯಕ್ಕೂ ಇಂಥ ರಚನೆಯನ್ನು ಕೊಡಬಹುದು. ಅಧ್ಯಾಯದ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದರೆ ಅದು ಕಣ್ಣಿಗೆ ಮಾತ್ರ ಶೀರ್ಷಿಕೆ. ತಂತ್ರಾಂಶಕ್ಕೆ ಅದೂ ಒಂದು ಸಾಮಾನ್ಯ ಸಾಲು. ಕರ್ಸರನ್ನು ಆ ಸಾಲಿನಲ್ಲಿ ಇರಿಸಿ ವರ್ಡ್‌ನಲ್ಲಿ ಕಂಟ್ರೋಲ್ + ಆಲ್ಟ್ + 1 ಒತ್ತಿದರೆ ಅದು ಮೊದಲ ಹಂತದ ಶೀರ್ಷಿಕೆಯಾಗುತ್ತದೆ. 2 ಮತ್ತು 3 ಒತ್ತಿದರೆ ಉಪಶೀರ್ಷಿಕೆಗಳಾಗುತ್ತವೆ. ಹೀಗೆ ಗುರುತಿಸಿದ ಶೀರ್ಷಿಕೆಗಳೆಲ್ಲ 2010 ಮತ್ತು ಅನಂತರದ ಆವೃತ್ತಿಗಳಲ್ಲಿ ಕಂಟ್ರೋಲ್ + ಎಫ್ ಒತ್ತಿದಾಗ ಎಡಬದಿಯಲ್ಲಿ ತೆರೆಯುವ ಸಂಚಾರಫಲಕದಲ್ಲಿ ಪರಿವಿಡಿಯಂತೆ ಸಾಲಾಗಿ ನಿಲ್ಲುತ್ತವೆ. ‘ಮೂರನೆಯ ಅಧ್ಯಾಯದ ಎರಡನೆಯ ಭಾಗ’ವನ್ನು ತಲುಪಲು ಅದರ ಪುಟಸಂಖ್ಯೆಯನ್ನು ನೆನಪಿಡಬೇಕಾದ ಅಗತ್ಯ ಉಳಿಯುವುದಿಲ್ಲ.

‘ನೋಡಿ: ಪುಟ 96’ ಎಂಬಂಥ ಒಳ ಉಲ್ಲೇಖಗಳಿಗೂ ಇದು ಅನ್ವಯಿಸುತ್ತದೆ. ಕೈಯಿಂದ ಬರೆದ 96 ಎಂದಿಗೂ 96 ಆಗಿಯೇ ಇರುತ್ತದೆ, ಸೂಚಿತ ಭಾಗ 99ಕ್ಕೆ ಸರಿದಿದ್ದರೂ. ಶೀರ್ಷಿಕೆಗೋ ಬುಕ್‌ಮಾರ್ಕ್‌ಗೋ ಕೊಂಡಿ ಹಾಕಿದ ಅಡ್ಡ ಉಲ್ಲೇಖವನ್ನು ಬಳಸಿದ್ದರೆ ಕಂಟ್ರೋಲ್ + ಎ ಒತ್ತಿ ಎಫ್9 ಒತ್ತಿದಾಗ ಸಂಖ್ಯೆಗಳು ಹೊಸ ಲೆಕ್ಕಕ್ಕೆ ಹೊಂದಿಕೊಳ್ಳುತ್ತವೆ. ಅಡಿಟಿಪ್ಪಣಿಗಳಲ್ಲಿರುವ ಉಲ್ಲೇಖಗಳು ಇದರಲ್ಲಿ ಸೇರುವುದಿಲ್ಲ; ಕರ್ಸರನ್ನು ಒಂದು ಅಡಿಟಿಪ್ಪಣಿಯೊಳಗೆ ಇರಿಸಿ ಅದೇ ಕೀಲಿಗಳನ್ನು ಮತ್ತೊಮ್ಮೆ ಒತ್ತಬೇಕು.

6. ಲಿಪಿಯ ಸಂಕೇತ ಮತ್ತು ಸಂಚಾರ

ಈ ಸೌಲಭ್ಯಗಳು ಕನ್ನಡಕ್ಕೆ ಪೂರ್ಣವಾಗಿ ದೊರೆಯುವುದು ಪಠ್ಯ ಯೂನಿಕೋಡ್‌ನಲ್ಲಿದ್ದಾಗ ಮಾತ್ರ. ‘ಸ್ತ್ರೀ’ ಎಂಬ ಒಂದು ಅಕ್ಷರ ಯೂನಿಕೋಡ್‌ನಲ್ಲಿ ಆರು ಸಂಕೇತಗಳ ಸರಣಿ: ಸ, ವಿರಾಮ, ತ, ವಿರಾಮ, ರ ಮತ್ತು ಈಕಾರದ ಚಿಹ್ನೆ. ಆದರೂ ವರ್ಡ್‌ನಲ್ಲಿ ಬಾಣದ ಕೀಲಿ ಸಾಮಾನ್ಯವಾಗಿ ಅದನ್ನು ಒಂದೇ ಅಕ್ಷರವೆಂದು ದಾಟುತ್ತದೆ. ಹಳೆಯ ಪದ್ಧತಿಯ ಅಕ್ಷರವಿನ್ಯಾಸಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸ್ಥಾನದಲ್ಲಿ ಕೂರಿಸಲಾಗಿತ್ತು. ಕಣ್ಣಿಗೆ ಕನ್ನಡವಾಗಿ ಕಂಡರೂ ತಂತ್ರಾಂಶದ ಪಾಲಿಗೆ ಅದು ರೋಮನ್ ಚಿಹ್ನೆಗಳ ಸಾಲು. ಹಾಗಾಗಿ ಕರ್ಸರ್ ಒಂದು ಅಕ್ಷರದ ಒಡಲಲ್ಲೇ ನಿಲ್ಲುತ್ತದೆ. ಪದದಿಂದ ಪದಕ್ಕೆ ಜಿಗಿಯುವ ಕೀಲಿ ಪದದ ನಡುವೆಯೇ ತಡೆಯಬಹುದು. ಸಂಚಾರಫಲಕದಲ್ಲಿ ಅಧ್ಯಾಯದ ಹೆಸರುಗಳು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಇದಕ್ಕಿರುವ ಪರಿಹಾರ. ಪರಿವರ್ತನೆಯ ಅನಂತರ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಮ್ಮೆ ಪರಿಶೀಲಿಸುವುದು ಒಳಿತು.

ಇದು ಕೇವಲ ಅನುಕೂಲದ ಮಾತಲ್ಲ. ಅಂಧ ಸಂಶೋಧಕರಿಗೆ ಮೌಸ್ ಉಪಯೋಗಕ್ಕೆ ಬಾರದು. ಕೀಲಿಮಣೆಯೇ ಅವರ ದಾರಿ. 2006ರಲ್ಲಿ ಆರಂಭಗೊಂಡ, ಉಚಿತವಾಗಿ ದೊರೆಯುವ ‘ಎನ್‌ವಿಡಿಎ’ಯಂಥ ಪರದೆವಾಚಕ ತಂತ್ರಾಂಶಗಳು ಯೂನಿಕೋಡ್ ಕನ್ನಡವನ್ನು ಓದಿ ಹೇಳಬಲ್ಲವು. ಅದೇ ಪಠ್ಯ ಹಳೆಯ ಅಕ್ಷರವಿನ್ಯಾಸದಲ್ಲಿದ್ದರೆ ಅವರಿಗೆ ಕೇಳುವುದು ಕನ್ನಡವಲ್ಲ, ಅರ್ಥವಾಗದ ಅಕ್ಷರಗಳ ಉಚ್ಚಾರ. ಶೀರ್ಷಿಕೆಗಳನ್ನು ಕ್ರಮವಾಗಿ ಗುರುತಿಸದ ಮುನ್ನೂರು ಪುಟಗಳ ಪ್ರಬಂಧವು ಅವರ ಪಾಲಿಗೆ ಬಾಗಿಲುಗಳಿಲ್ಲದ ಉದ್ದನೆಯ ಪಡಸಾಲೆ. ವಿಭಾಗದ ಗ್ರಂಥಾಲಯದಲ್ಲಿ ಸಂಗ್ರಹವಾಗುವ ಪ್ರಬಂಧಗಳು ಯಾರಿಗೆಲ್ಲ ಓದಲು ದೊರೆಯುತ್ತವೆ ಎಂಬುದು ಅವುಗಳನ್ನು ಬೆರಳಚ್ಚು ಮಾಡುವ ಹೊತ್ತಿನಲ್ಲಿಯೇ ನಿರ್ಧಾರವಾಗುತ್ತದೆ.

ಒಟ್ಟಿನಲ್ಲಿ, ಪುಟದಿಂದ ಪುಟಕ್ಕೆ ಒಯ್ಯುವ ಶಾರ್ಟ್‌ಕಟ್‌ಗಳು ಮುದ್ರಣಕ್ಕೆ ಮುನ್ನ ಅಂದಚೆಂದವನ್ನು ನೋಡಲು, ಕರಡನ್ನು ತಾಳೆಹಾಕಲು ಅವಶ್ಯವಾದ ಸಾಧನಗಳು. ವಿಷಯವನ್ನು ತಿದ್ದುವ, ಬೆಳೆಸುವ ಕೆಲಸದಲ್ಲಿ ಮಾತ್ರ ಶೀರ್ಷಿಕೆ, ಬುಕ್‌ಮಾರ್ಕ್ ಮತ್ತು ಅಡಿಟಿಪ್ಪಣಿಗಳ ಮೂಲಕ ಸಾಗುವುದೇ ಹೆಚ್ಚು ಸುರಕ್ಷಿತ. ಪಠ್ಯಸಂಪಾದನೆಯ ತರಗತಿಯಲ್ಲಿ ಆಶ್ವಾಸ, ಸಂಧಿ, ಪದ್ಯಗಳ ಉಲ್ಲೇಖಕ್ರಮವನ್ನು ಬೋಧಿಸುವ ಅಧ್ಯಾಪಕರು ಅದೇ ಮಾತಿನ ಮುಂದುವರಿಕೆಯಾಗಿ ಈ ಕೆಲವು ಕೀಲಿಗಳನ್ನೂ ವಿದ್ಯಾರ್ಥಿಗಳಿಗೆ ಪರಿಚಯಿಸಬಹುದು. ಅದಕ್ಕೆ ಬೇಕಾದುದು ಒಂದು ಗಂಟೆಯ ಕಾಲ. ಅದರಿಂದ ತಪ್ಪುವುದು ತಿದ್ದುಪಡಿಯ ಹೆಸರಿನಲ್ಲಿ ನುಸುಳುವ ಹೊಸ ದೋಷಗಳು.